ಛಾವಣಿ ಇಲ್ಲದ ಹೆರಿಗೆ ಕೋಣೆ

ದೆವ್ವ, ಗಾಳಿ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ಕಲ್ಲು, ಗಾರೆ, ಕಬ್ಬಿಣದ ನಡುವೆ ಆಯುಷ್ಯ ಕಳೆದ ಓವರ್‌ಸಿಯರ್ ನಾನು. ಇಂಥ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದೆ. ಈಗ ನನ್ನನ್ನು ಕಂಡು ನೀವು ನಕ್ಕರೂ ನನ್ನ ತಕರಾರಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಗೋಕಾಕದಲ್ಲಿ ದೊಡ್ಡ ದವಾಖಾನೆ ಕಟ್ಟಲು ಊರಿನ ಸಾಹುಕಾರರೊಬ್ಬರು ಮುಂದಾದರು. ರಸ್ತೆಯ ಕಡೆ ಅಂಗಡಿಗಳು, ಅವುಗಳ ಮೇಲೆ ರೋಗಿಗಳ ಮನೆಯವರು ಉಳಿಯಲು ಕೋಣೆಗಳು, ಹಿಂದೆ ದವಾಖಾನೆ. ಅಂಗಡಿ ಬಾಡಿಗೆಯಲ್ಲಿ ಬಡವರಿಗೆ ಔಷಧ ಎಂದರು. ಕೌಜಲಗಿ, ಕುಲಗೋಡದ ರೈತರು ಆ ಮಾತಿಗೆ ಚಕ್ಕಡಿಗಟ್ಟಲೆ ಕಲ್ಲು ತಂದು ಸುರಿದರು. ಕೆಲಸ ನೋಡಿಕೊಳ್ಳುವವನು ನಾನು. ಅಂಗಡಿಗಳು ಬೇಗ ಮುಗಿದು ಬಾಡಿಗೆಗೆ ಹೋದವು. ಮೇಲಿನ ಕೋಣೆಗಳಲ್ಲಿ ವ್ಯಾಪಾರಿಗಳು ಇಳಿದುಕೊಂಡರು. ದವಾಖಾನೆ ಮಾತ್ರ ಬರೀ ಗೋಡೆಯಾಗಿ ನಿಂತಿತು.

"ಅವಸರ ಏನೈತ್ರಿ? ಮುಂದಿನ ವರ್ಷ ನೋಡೂಣು" ಎನ್ನುತ್ತಿದ್ದರು ಸಾಹುಕಾರರು.

ಒಂದು ಮಧ್ಯಾಹ್ನ ಕುಲಗೋಡದಿಂದ ಚಕ್ಕಡಿ ಬಂತು. ಹೆರಿಗೆ ನೋವಿನಲ್ಲಿದ್ದ ಹುಡುಗಿ, ಜೊತೆಗೆ ಅವಳ ಅತ್ತೆ ಬಸವ್ವ. ಬಸವ್ವ ಯಾರನ್ನೂ ಕೇಳದೆ ಸೊಸೆಯನ್ನು ಹಿಡಿದುಕೊಂಡು ನೇರವಾಗಿ ಹಿಂದಿನ ಕೋಣೆಯತ್ತ ನಡೆದಳು. ನಕ್ಷೆಯಲ್ಲಿ ಹೆರಿಗೆಗೆಂದು ಇಟ್ಟಿದ್ದ ಕೋಣೆಯೇ ಅದು. ನಾನು ಅಡ್ಡ ನಿಂತೆ.

"ದವಾಖಾನಿ ಇನ್ನೂ ಆಗಿಲ್ಲ ಯವ್ವಾ. ಒಳಗ ಯಾರೂ ಇಲ್ಲ."

"ಯಾಕಿಲ್ರಿ? ಸುಗ್ಗ್ಯಾಗ ನನ್ನ ಮಗಳು ಇಲ್ಲೇ ಹಡದಾಳ. ಬಿಳಿ ಸೀರಿ ನರ್ಸ್ ಬಾಯಾರು ಅದಾರಲ್ರಿ."

ಸುಗ್ಗಿಯಲ್ಲಿ ಅಲ್ಲಿ ಇದ್ದದ್ದು ಪಾಯ ಮಾತ್ರ. ಅದನ್ನೇ ಹೇಳಬೇಕೆನ್ನುವಷ್ಟರಲ್ಲಿ ಕೋಣೆಯಿಂದ ಹೆಣ್ಣುದನಿ ಕೇಳಿತು: "ಹೊರಗ ಯಾಕ ನಿಂದರಿಸೀರಿ? ಒಳಗ ಕರಕೊಂಡ ಬರ್ರಿ." ಕೆಲಸದ ನಡುವೆ ಇದ್ದವರ ತುಸು ಸಿಡುಕಿನ ದನಿ. ನನ್ನ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು.

ಗಂಡಸು ನಾನು, ಒಳಗೆ ಹೋಗಲಾರದೆ ಹೊರಗೇ ನಿಂತೆ. ಆ ದನಿ ಹುಡುಗಿಗೆ ಧೈರ್ಯ ಹೇಳುತ್ತಿತ್ತು, ಬಸವ್ವನನ್ನು ಗದರುತ್ತಿತ್ತು. ಕೊನೆಗೆ ಕೂಸು ಅತ್ತಿತು. ಬಸವ್ವ ಅದನ್ನು ಎತ್ತಿಕೊಂಡು ಬಂದು, "ಬಾಯಾರು ಕೈ ತೊಳಕೊಳ್ಳಾಕತ್ತಾರ" ಎಂದಳು.

ಅವಳನ್ನು ಕೇಳಿಯೇ ಒಳಗೆ ಹೋದೆ. ಗೋಣಿತಟ್ಟಿನ ಮೇಲೆ ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು. ಮತ್ತೆ ಯಾರೂ ಇರಲಿಲ್ಲ. ಇದ್ದ ಬಾಗಿಲು ಒಂದೇ, ಅದರ ಹೊರಗೆ ನಾನೇ ನಿಂತಿದ್ದೆ. ಮೇಲೆ ಬರೀ ಬಿಸಿಲು. ಉಸುಕಿನ ನೆಲದಿಂದ ಫಿನಾಯಿಲ್ ವಾಸನೆ ಬರುತ್ತಿತ್ತು.

ಸಾಹುಕಾರರಿಗೆ ಹೇಳಿದಾಗ ಹೊಟ್ಟೆ ಹಿಡಿದು ನಕ್ಕರು. "ಹಂಗಾರ ದವಾಖಾನಿ ಸುರು ಆತಲ್ರಿ. ಇನ್ನ ಕಟ್ಟೂದ್ಯಾಕ?" ಅದೇ ವರ್ಷ ಆ ಕೋಣೆಗೆ ತಗಡು ಹೊದಿಸಿ, ಬೆಲ್ಲದ ಗೋದಾಮಿಗೆ ಬಾಡಿಗೆ ಕೊಟ್ಟರು. ಮುಂದೆಯೂ ಹಳ್ಳಿಗಳಿಂದ ಚಕ್ಕಡಿಗಳು ಬರುತ್ತಿದ್ದವು. ಅಂಗಡಿಯವರೇ ಅವನ್ನು ತಿರುಗಿಸಿ ಕಳಿಸುತ್ತಿದ್ದರು.

ಕೆಲವು ವರ್ಷಗಳ ಮೇಲೆ ನನ್ನ ಹೆಂಡತಿಗೆ ಹೆರಿಗೆ ಕಷ್ಟವಾಯಿತು. ಸೂಲಗಿತ್ತಿ ಕೈಚೆಲ್ಲಿದಳು. ಬೆಳಗಾವಿಗೆ ಒಯ್ಯಲು ಹೇಳಿದ್ದ ಮೋಟಾರು ಬರಲಿಲ್ಲ. ಏನನ್ನೂ ನಂಬದ ನಾನು ಎದ್ದು ಓಡಿದೆ. ಗೋದಾಮಿನ ಹಮಾಲರು ನೋಡುತ್ತಿದ್ದಂತೆ ಬೆಲ್ಲದ ಪೆಂಟೆಗಳ ನಡುವೆ ನಿಂತು, "ಬಾಯಾರ, ಬಾಯಾರ" ಎಂದು ಕೂಗಿದೆ. ಒಬ್ಬ ಹಮಾಲ ನನ್ನ ರಟ್ಟೆ ಹಿಡಿದು ಹೊರಗೆ ತಂದು ಕೂಡಿಸಿದ.

ಕೂಸು ಉಳಿಯಲಿಲ್ಲ. ಹೆಂಡತಿ ಉಳಿದಳು. ಆ ದನಿ ಯಾರದು, ಕುಲಗೋಡದವರಿಗೆ ಓಗೊಟ್ಟದ್ದು ನನಗೇಕೆ ಓಗೊಡಲಿಲ್ಲ, ನನಗೆ ಇಂದಿಗೂ ಗೊತ್ತಿಲ್ಲ. ಚೇತರಿಸಿಕೊಂಡ ಮೇಲೆ ಹೆಂಡತಿ ಒಮ್ಮೆ ಕೇಳಿದಳು: "ಅಂಥಾ ಹೊತ್ತಿನ್ಯಾಗ ನನ್ನ ಬಿಟ್ಟು ಎಲ್ಲಿಗೆ ಹೋಗಿದ್ರಿ?"

ಡಾಕ್ಟರನ್ನು ಕರೆಯಲು ಎಂದೆ.