ಸ್ಪಿನ್ ಅಕ್ಕನ ತಲೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಸ್ಪಿನ್ ಅಕ್ಕ ಎಂದು. ಗಾಜಿನ ಬಿಲ್ಲೆಯ ಮೇಲೆ ಬಣ್ಣದ ಪ್ಲಾಸ್ಟಿಕ್ ದ್ರಾವಣ ಬಿಟ್ಟು, ಯಂತ್ರದಲ್ಲಿ ಗಿರ್ರನೆ ಸ್ಪಿನ್ ಮಾಡಿ, ಅಂದರೆ ತಿರುಗಿಸಿ, ತೆಳುವಾಗಿ ಹರಡುವುದು ಅವಳ ಕೆಲಸ. ಆ ಬಿಲ್ಲೆಗಳೇ ಮುಂದೆ ಸೌರಕೋಶಗಳಾಗುತ್ತವೆ.

ಮೊನ್ನೆ ಅಲ್ಲಿನ ವಿಜ್ಞಾನಿ ಮೇಡಂ ಹೊಸ ಕೋಶದ ಪಕ್ಕ ಅಯಸ್ಕಾಂತ ಇಟ್ಟರು. ಕರೆಂಟು ಬದಲಾಯಿತು. "ಎಲ್ಲಾ ಸ್ಪಿನ್ ಆಟ," ಎಂದರು. ಅಕ್ಕ ಅದು ತನ್ನ ಯಂತ್ರದ ಸ್ಪಿನ್ ಎಂದುಕೊಂಡಳು. ತನ್ನದೇ ತಪ್ಪೆಂದು ಮುಂದಿನ ಬಿಲ್ಲೆಗಳನ್ನು ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ತಿರುಗಿಸಿ ಎಲ್ಲವನ್ನೂ ಕೆಡಿಸಿಟ್ಟಳು. "ಮಿಷನ್ ಸರಿಯಿಲ್ಲ ಅಂತ ಹೇಳ್ಬಿಡು," ಎಂದ ಮನೆಯಲ್ಲಿ ಗಂಡ. ಅವಳು ಕೆಟ್ಟ ಬಿಲ್ಲೆಗಳನ್ನು ಮೇಡಂ ಮುಂದಿಟ್ಟು ತಪ್ಪೊಪ್ಪಿಕೊಂಡಳು.

ಕೊನೆಗೆ ಮೇಡಂ ಕೂರಿಸಿಕೊಂಡು ಹೇಳಿದರು: "ನಿಮ್ಮ ಸ್ಪಿನ್ ಅಲ್ಲ ಅಕ್ಕ, ಎಲೆಕ್ಟ್ರಾನಿಂದು. ಕೋಶದೊಳಗೆ ಜೊತೆಯಾದ ಎರಡು ಚಾರ್ಜುಗಳ ಸ್ಪಿನ್ ಹೇಗಿದೆ ಅನ್ನೋದರ ಮೇಲೆ ಅವು ಅಲ್ಲೇ ಕೂಡಿ ಮುಗಿದುಹೋಗ್ತವೋ, ಬೇರೆಯಾಗಿ ಕರೆಂಟಾಗ್ತವೋ ಅನ್ನೋದು ನಿಂತಿದೆ. ಅಯಸ್ಕಾಂತ ಅದನ್ನ ಬದಲಾಯಿಸುತ್ತೆ."

"ಅಂದ್ರೆ ಎಲೆಕ್ಟ್ರಾನು ಒಳಗೆ ಬುಗುರಿ ಥರ ತಿರುಗುತ್ತಾ?"

"ಇಲ್ಲ, ನಿಜವಾಗಿ ತಿರುಗಲ್ಲ. ಹೆಸರಷ್ಟೇ ಹಾಗೆ."

ಅಕ್ಕ ತಿರುಗದೆ ನಿಂತಿದ್ದ ಯಂತ್ರವನ್ನೊಮ್ಮೆ, ಮೇಡಂ ಮುಖವನ್ನೊಮ್ಮೆ ನೋಡಿದಳು.

"ತಿರುಗದೇ ಇರೋದಕ್ಕೆ ಸ್ಪಿನ್ ಅಂತ ಹೆಸರಿಟ್ರಿ. ನನ್ನ ತಲೆ ನಿಜವಾಗ್ಲೂ ತಿರುಗ್ತಿದೆ, ಇದಕ್ಕೇನಂತೀರಿ ಮೇಡಂ?"