ಹುಳದ ಮನೆಗೆ ಹೋದ ಹೂವಿನ ವಾಸನೆ

ಸಿಂಚನ, ತೇಜು, ಮಕ್ಕಳೇ, ನಮ್ಮೂರು ಕೈಲಾಂಚದಲ್ಲಿ ಪಕ್ಕದ ಮನೆಯಾಕೆ ರೇಷ್ಮೆಹುಳ ಸಾಕುತ್ತಿದ್ದಳು. ಪರಿಮಳ, ಘಾಟು ಯಾವುದೂ ಹುಳಕ್ಕೆ ಆಗದೆಂದು, ಹುಳದ ಮನೆಯೊಳಗೆ ಬರುವವರನ್ನೆಲ್ಲ ಬಾಗಿಲಲ್ಲೇ ಮೂಸಿ ನೋಡುವಳು. ನಕ್ಕರೆ, "ನನ್ ಮೂಗು ಸುಳ್ಳೇಳಾಕಿಲ್ಲ ಕಣವ್ವ" ಎನ್ನುವಳು.

ನಿಮ್ಮಮ್ಮ ನನಗೊಂದು ಸೆಂಟು ತಂದುಕೊಟ್ಟಿದ್ದಳು. ಹೊರದೇಶದ ಫ್ಯಾಷನ್ ಬಟ್ಟೆ ಕಂಪನಿಯದಂತೆ, ಮೆಲುವಾದ ಹೂವಿನ ವಾಸನೆ. ನಿಮ್ಮ ತಾತ ಹೋದಮೇಲೆ ನಾನು ಹೂ ಮುಡಿದಿರಲಿಲ್ಲ. ಒಂದು ಬೆಳಗ್ಗೆ ಕದ ಹಾಕಿಕೊಂಡು ಕತ್ತಿಗೆ ಒಸಿ ಹಚ್ಚಿಕೊಂಡೆ. ಆಮೇಲೆ ಅದನ್ನು ಮರೆತು, ಆಕೆ ತೋಟಕ್ಕೆ ಹೋಗಿದ್ದಾಗ, ಎಂದಿನಂತೆ ಹುಳಕ್ಕೆ ಸೊಪ್ಪು ಹಾಕಿಬಂದೆ.

ಸಂಜೆ ನೋಡಿದರೆ ಹುಳಗಳು ಸೊಪ್ಪು ಮುಟ್ಟದೆ ತಲೆಯೆತ್ತಿ ನಿಂತಿದ್ದವು. ಬೆಳಗ್ಗೆ ಹಚ್ಚಿಕೊಂಡ ಸೆಂಟು ಆಗ ನೆನಪಾಯಿತು. "ಸೆಂಟಾಕ್ಕೊಂಡು ಯಾರೇ ಒಳಕ್ಕೋಗಿದ್ದು?" ಎಂದು ಒಳಗಿನ ವಾಸನೆ ಹಿಡಿದು ಆಕೆಯ ಗಂಡ ಕೂಗಾಡಿದ. ಆಕೆ ನನ್ನ ಹತ್ತಿರ ಬಂದು ಉಸಿರೆಳೆದಳು. ನನ್ನ ಸೆರಗನ್ನು ಕತ್ತು ಮುಚ್ಚುವಂತೆ ಹೊದಿಸಿ, ಗಂಡನ ಕಡೆ ತಿರುಗಿದಳು.

"ನಾನೇ ಕಣೇಳಿ. ಮಲ್ಲಿಗೆ ಮುಡ್ಕಂಡು ಹೋಗ್ಬುಟ್ಟಿದ್ದೆ."

ಹುಳ ಸತ್ತು ಆ ಸಲದ ರೇಷ್ಮೆ ಬೆಳೆಯೆಲ್ಲ ಹೋಯಿತು, ಬೈಗುಳವನ್ನು ಆಕೆಯೇ ತಿಂದಳು. ಆಮೇಲೂ ಬಾಗಿಲಲ್ಲಿ ನನ್ನನ್ನು ಮೂಸುತ್ತಿದ್ದಳು, ಆದರೆ ಮೂಗಿನ ಆ ಮಾತನ್ನು ಮತ್ತೆ ಆಡಲಿಲ್ಲ.

ಬಾಯಲ್ಲಿ ಹೇಳಲು ನನಗೆ ಇನ್ನೂ ನಾಚಿಕೆ, ಅದಕ್ಕೇ ಬರೆದಿಟ್ಟೆ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ, ಆ ಸೆಂಟಿನ ಬಾಟಲಿಯ ಪಕ್ಕದಲ್ಲೇ.