ಕೆಂಪು ಚೀಟಿಯ ಫ್ಲಾಪಿ

ದಸ್ತಗೀರ, ಆ ಫ್ಲಾಪಿಯನ್ನು ನೀನು ಕೊಟ್ಟಿದ್ದೆ. ಕುಡಚಿ ಸ್ಟೇಷನ್ನಿನ ಹೊರಗೆ, ನನ್ನ ಈ ಬಲಗೈಯಲ್ಲೇ ಇಟ್ಟಿದ್ದೆ. ಕೊಟ್ಟಿಲ್ಲವೆಂದು ನನ್ನ ತಮ್ಮ ಬಸುಗೆ ಹೇಳಿದವಳು ನಾನು. ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತೆಂದು ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಎಮ್ಮೆ ಕಾದು, ಬಸುನನ್ನು ಓದಿಸಿದವಳು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವನು ಕಾಗವಾಡದ ಒಂದು ಛಾಪಖಾನೆಯಲ್ಲಿದ್ದ, ನೀನು ಕುಡಚಿಯ ಇನ್ನೊಂದರಲ್ಲಿ. ಒಂದೇ ಲಗ್ನಪತ್ರಿಕೆಯಲ್ಲಿ ಕನ್ನಡ, ಮರಾಠಿ ಎರಡನ್ನೂ ಹೊಡೆಯುವ ಕಂಪ್ಯೂಟರ್ ಪ್ರೋಗ್ರಾಮನ್ನು ಇಬ್ಬರೂ ಸೇರಿ ಬರೆದಿರಿ. ಕೇಳಿದವರಿಗೆಲ್ಲ ಪುಕ್ಕಟೆ, ಒಳಗಿನ ಬರಹ, ಅಂದರೆ ಕೋಡಿನ ಸಮೇತ. ಯಾರಾದರೂ ತಿದ್ದಿದರೆ ಅದನ್ನು ನಿಮಗೂ ಕಳಿಸಬೇಕು, ಅಷ್ಟೇ ಕರಾರು. ಅಥಣಿ, ನಿಪ್ಪಾಣಿ, ಮಿರಜದವರೆಲ್ಲ ಕೈ ಹಾಕಿ ಅದು ಸಿಕ್ಕುಸಿಕ್ಕಾಗಿತ್ತು. ಅದು ಮಾಡುವ ಕೆಲಸ ಬದಲಾಗದಂತೆ ಒಳಗಿನದನ್ನೆಲ್ಲ ಬಿಡಿಸಿ ಮತ್ತೆ ಹೊಂದಿಸಲು ನೀನು ಕೂತೆ.

ನಿಮ್ಮಿಬ್ಬರದು ಒಂದು ನೇಮ — ಕೆಂಪು ಚೀಟಿ ಅಂಟಿಸಿದ ಫ್ಲಾಪಿ ಯಾರ ಹತ್ತಿರವೋ ಅವನೇ ತಿದ್ದಬೇಕು, ಇನ್ನೊಬ್ಬ ಕಾಯಬೇಕು. ಏನು ತಿದ್ದಿದೆ, ಯಾಕೆ ತಿದ್ದಿದೆ ಎಂದು ಬರೆದ ಹಾಳೆ ಅದರ ಜೊತೆಗಿರಬೇಕು. ಬೆಣ್ಣೆ ಮಾರಲು ವಾರಕ್ಕೊಮ್ಮೆ ನಮ್ಮೂರು ಐನಾಪುರದಿಂದ ಕುಡಚಿಗೆ ಬರುತ್ತಿದ್ದ ನಾನೇ ನಿಮ್ಮ ಟಪಾಲು.

ಊಟಕ್ಕೆ ಕೂತರೆ ಬಸುನ ಬಾಯಲ್ಲಿ ನಿನ್ನದೇ ಮಾತು. "ದಸ್ತಗೀರ ಅದಾನಂತ ನಾ ಇಷ್ಟರ ಮಾಡೀನಿ ನೋಡಕ್ಕ." ನನ್ನ ಬಗ್ಗೆ ಒಮ್ಮೆಯೂ ಹಾಗೆ — ಬೇಡ, ಅದನ್ನು ಕಾರಣವೆನ್ನಲಾರೆ.

ಅವತ್ತು ನೀನು ಹೇಳಿದ್ದು ಕಿವಿಯಲ್ಲಿದೆ. "ಅಕ್ಕಾರ, ಜ್ವಾಕಿರಿ. ಮಾಲಕರು ಕಂಪ್ಯೂಟರ ಮಾರ್ಯಾರ, ತಿಂಗಳ ದುಡದದ್ದೆಲ್ಲಾ ಇದೊಂದರಾಗ ಐತಿ. ಬೆಣ್ಣಿ ಡಬ್ಬ್ಯಾಗ ಇಡಬ್ಯಾಡ್ರಿ ಮತ್ತ."

ನಾನು ಇಟ್ಟದ್ದು ಜೋಳದ ಡಬ್ಬಿಯಲ್ಲಿ. "ಕೊಟ್ಟಿಲ್ಲಪಾ, ಮುಂದಿನ ವಾರ ಅಂದ" ಎಂದೆ ಬಸುಗೆ. ಒಂದು ವಾರ ನಿನ್ನ ಮೇಲೆ ಅವನಿಗೆ ಸಿಟ್ಟು ಬರಲಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡಿದ್ದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ನಿನಗೆ "ಬಸು ನೋಡಾಕತ್ತಾನ ತಮ್ಮಾ" ಎಂದೆ. ಎರಡೂ ಕಡೆ ಎಷ್ಟು ಸಲೀಸಾಗಿ ಬೊಗಳಿದೆ! ನಾಲ್ಕನೇ ವಾರ ಬಸು ನೇಮ ಮುರಿದ. ತನ್ನಲ್ಲಿದ್ದ ಹಳೆಯ ಪ್ರತಿಯನ್ನೇ ತಿದ್ದಿ ಎಲ್ಲರಿಗೂ ಕಳಿಸಿದ. ನಿನ್ನ ಒಂದು ಸಾಲೂ ಅದರಲ್ಲಿರಲಿಲ್ಲ.

ನೀನು ಮನೆಗೇ ಬಂದೆ. "ಅಕ್ಕಾರ ಕೈಯಾಗ ಕೊಟ್ಟೀನಲೇ ಬಸು. ಇಲ್ಲೇ ಅದಾರಲ್ಲ, ಕೇಳು."

ಅವನು ನನ್ನನ್ನು ಕೇಳಲೇ ಇಲ್ಲ. "ನಮ್ಮಕ್ಕ ಸುಳ್ಳ ಹೇಳೂದಿಲ್ಲ" ಅಂದ.

ನೀನು ನನ್ನ ಮುಖ ನೋಡಿದೆ. ಡಬ್ಬಿ ನನ್ನ ಬೆನ್ನ ಹಿಂದೆಯೇ ಇತ್ತು. ಕೈ ಹಾಕಿದ್ದರೆ ಸಾಕಿತ್ತು — ನಾನು ಸೆರಗು ಸರಿಮಾಡಿಕೊಂಡು, "ಚಾ ಇಡ್ಲೇನು?" ಅಂದೆ. ನೀನು ಚಪ್ಪಲಿ ಮೆಟ್ಟಿ ಹೊರಟುಹೋದೆ. ಆಮೇಲೆ ಓಣಿಯವರು "ಅವರ ಮಂದಿನ ಹಂಗ" ಎಂದು ನಿನ್ನ ಜಾತಿ ಎತ್ತಿ ಆಡಿದರು. ಅದಕ್ಕೂ ಸುಮ್ಮನಿದ್ದೆ. ನನ್ನ ನಾಲಗೆ ಸೀದುಹೋಗಬೇಕಿತ್ತು.

ಬಸು ಮತ್ತೆ ಆ ಪ್ರೋಗ್ರಾಮು ಮುಟ್ಟಲಿಲ್ಲ, ಛಾಪಖಾನೆ ಬಿಟ್ಟು ಹೊಲ ಹಿಡಿದ. ನೀನು ಹೋದ ಮೇಲೆ ಫ್ಲಾಪಿಗೆ ಸುತ್ತಿದ್ದ ಹಾಳೆ ಬಿಚ್ಚಿದೆ. ನಾಲ್ಕನೇ ಇಯತ್ತೆಯ ಓದು ಅದಕ್ಕೆ ಸಾಕಾಯಿತು. ತಿದ್ದುಪಡಿಗಳ ಕೆಳಗೆ ನೀನು ಬರೆದಿದ್ದೆ: "ಮಾಡಿದವರ ಹೆಸರಿನಾಗ ಬಸುಂದ ಮೊದಲ ಇರಲಿ. ಫ್ಲಾಪಿ ಹೊತ್ತ ಗಂಗವ್ವಕ್ಕಾರ ಹೆಸರೂ ಸೇರಿಸೀನಿ, ಅವರಿಲ್ಲದ ಇದು ಆಗ್ತಿರಲಿಲ್ಲ."

ನನ್ನ ತಮ್ಮ ಬರೆಯದ ಹೆಸರನ್ನು ನೀನು ಬರೆದಿದ್ದೆ. ಅದನ್ನು ಓದಿದ ಮೇಲೂ ಬಾಯಿ ಬಿಡಲಿಲ್ಲ, ಅಂಥವಳು ನಾನು.

ಇವತ್ತು ಬಸು ಹೊಲದಿಂದ ಬಂದಕೂಡಲೇ ಈ ಕಾಗದ ಅವನೆದುರು ಓದುತ್ತೇನೆ. ನಾಳೆ ಕುಡಚಿ ಬಸ್ಸು ಹತ್ತಿ ಫ್ಲಾಪಿಯನ್ನು ನಿನ್ನ ಕೈಗೆ ಕೊಡುತ್ತೇನೆ. ಅದು ಇನ್ನೂ ಓಡುತ್ತದೋ ಇಲ್ಲವೋ ತಿಳಿಯದು. ನಿಮ್ಮ ನೇಮದ ಪ್ರಕಾರ ಈಗ ತಿದ್ದುವವನು ನೀನು. ಮೊದಲು ನನ್ನ ಹೆಸರು ಹೊಡೆದುಹಾಕು.